ಚೀಟಿಯಲ್ಲಿ ಬಿಟ್ಟ ಮಾತು

ಬಿಬವೇವಾಡಿ, ಪುಣೆ
9 ಫೆಬ್ರುವರಿ 1998

ಮಗಳು ಇಂದೂಗೆ,

ನಿನ್ನ ಮಾಮಾ ಸದಾನಂದ ಬರೆಯುವುದು. ದೇವರ ದಯದಿಂದ ನಾವಿಬ್ಬರೂ ಚಲೋ ಇದ್ದೇವೆ. ನಿನ್ನ ಅತ್ತಿಯ ಮೊಣಕಾಲು ಮಾತ್ರ ಈ ಥಂಡಿಗೆ ಕೂತರೆ ಏಳಗೊಡದು, ಎದ್ದರೆ ಕೂಡಗೊಡದು. "ಇದು ಮೊಣಕಾಲಲ್ಲ, ನಿಮ್ಮ ಅಕ್ಕ ಇದ್ದಂಗ, ಹೇಳಿದ್ದಕ್ಕೆಲ್ಲ ಉಲ್ಟಾ" ಎನ್ನುತ್ತಾಳೆ. ನಿನ್ನ ಅವ್ವ ಬದುಕಿದ್ದರೆ ತಕ್ಕ ಮಾತು ಕೊಡುತ್ತಿದ್ದಳು.

ಕೆಲಸದ ಮಾತಿಗೆ ಬರುತ್ತೇನೆ. ಬೋರ್ಡು ಬರೆಯುವುದನ್ನು ಬಿಟ್ಟೆ ಎಂದು ಹೇಳಿ ಎರಡು ವರ್ಷವಾದರೂ ಹಳೆಯ ಗಿರಾಕಿಗಳು ನನ್ನನ್ನು ಬಿಟ್ಟಿಲ್ಲ. ಹೋದ ವಾರ ಒಂದು ಶಾಲೆಯ ಹೆಸರು ಬರೆಯಲು ಕರೆದರು. ಹೋಗಿ ನೋಡಿದರೆ ಕಿವಿ ಕೇಳದ ಮಕ್ಕಳ ಶಾಲೆ. ನಾನು ಏಣಿಯ ಮೇಲೆ, ಕೆಳಗೆ ಮೂವತ್ತು ಮಕ್ಕಳು ಆಡುತ್ತಿದ್ದವು. ಸಪ್ಪಳ ಇರಲಿಕ್ಕಿಲ್ಲ ಅಂದುಕೊಂಡೀ. ಅಷ್ಟು ಗದ್ದಲ ನಾನು ಮಂಡಯಿಯ ಕಾಯಿಪಲ್ಲೆ ಬಾಜಾರದಲ್ಲೂ ಕೇಳಿಲ್ಲ. ತಮ್ಮ ಕೂಗು ತಮಗೇ ಕೇಳದು, ಹಾಗಾಗಿ ಯಾರಿಗೂ ಅಂಜಿಕೆ ಇಲ್ಲ.

ಅನುಜಾ ಬಾಯಿ ಎಂಬ ಶಿಕ್ಷಕಿ ಚಹಾ ಕೊಟ್ಟರು. ಅವರ ಮುಂದೆ ನಿನ್ನ ಮಗ ಅಮೇಯನ ಸುದ್ದಿ ತೆಗೆದೆ. ನಾಲ್ಕು ವರ್ಷದವನಿದ್ದಾಗ ಜ್ವರ ಮೆದುಳಿಗೇರಿತು, ಹದಿನಾರು ದಿನ ದವಾಖಾನೆ, ಜೀವ ಉಳಿಯಿತು, ಎರಡೂ ಕಿವಿ ಹೋದವು, ಈಗ ಐದೂವರೆ ಎಂದೆ. ಅವರು ಒಂದೇ ಮಾತು ಕೇಳಿದರು: "ಮೊದಲು ಮಾತಾಡ್ತಿದ್ದನಾ?" ಪಟಪಟ ಮಾತಾಡುತ್ತಿದ್ದ, ಈಗ ಕಡಿಮೆ, ಎಂದೆ. ಅವರು ನನ್ನನ್ನು ಅಜ್ಜನ ಸಲಿಗೆಯಿಂದ ಕರೆದರು: "ಆಜೋಬಾ, ಕಿವಿಗೆ ಬೀಳದ ಮಾತು ಒಂದೊಂದೇ ಉದುರಿ ಹೋಗುತ್ತದೆ. ಉಳಿದಿರುವಾಗಲೇ ಕರಕೊಂಡು ಬನ್ನಿ. ಉದುರಿದ ಮೇಲೆ ತಂದರೆ ಬೇರಿನಿಂದ ಶುರು ಮಾಡಬೇಕು" ಎಂದರು.

ಜೂನಿಗೆ ಆರು ಸೀಟು ಇವೆಯಂತೆ. ಮೇ ಮೂವತ್ತರೊಳಗೆ ಅರ್ಜಿ ಕೊಡಬೇಕು. ಅರ್ಜಿ ಈ ಪತ್ರದ ಜೊತೆಗೇ ಇದೆ. ಅಲ್ಲಿಯೇ ಹಾಸ್ಟೆಲ್ ಉಂಟು, ಪ್ರತಿ ಆದಿತ್ಯವಾರ ನಾನು ಹೋಗಿ ನೋಡುತ್ತೇನೆ. ನಮ್ಮ ಅಳಿಯ ಕರುಣಾಕರರಿಗೆ ತೋರಿಸಿ ಸಹಿ ಮಾಡಿಸು. ತಡ ಮಾಡಬೇಡ ಮಗಳ.

ನಿನ್ನ ಮೇಲೆ ಜೀವ ಇಟ್ಟಿರುವ
ಮಾಮಾ


ರೇಲ್ವೆ ಕ್ವಾರ್ಟರ್ಸ್, ದೌಂಡ
22 ಫೆಬ್ರುವರಿ 1998

ಮಾಮಾ ಅವರಿಗೆ, ಅತ್ತಿಗೆ, ಇಂದೂನ ವಂದನೆಗಳು.

ಅರ್ಜಿ ಮುಟ್ಟಿತು. ಮೂರನೇ ಸಾಲಿನೊಳಗ 'ಪೂರ್ಣ ಕಿವುಡು' ಅಂತ ಬರದು ಅವ್ವ-ಅಪ್ಪ ಕೆಳಗ ಸಹಿ ಮಾಡಬೇಕು ಅಂತ ಅದ. ನಾ ಮಾಡೂದಿಲ್ಲ ಮಾಮಾ.

ನೀವು ಮರೆತಿರಬಹುದು, ನಾ ಮರೆತಿಲ್ಲ. ಹೋದ ವರ್ಷ ಜನವರಿ ಒಂದನೇ ತಾರೀಖು ಪುಣೆದಾಗ ಚರ್ಚಿಗೆ, ನಮ್ಮ ಕನ್ನಡ ಸಭೆಗೆ ಬಂದಿದ್ದೆವು, ಅಮೇಯ ದವಾಖಾನೆಯಿಂದ ಬಂದು ಮೂರು ತಿಂಗಳಾಗಿತ್ತು. ಆರಾಧನೆ ಮುಗಿದ ಮ್ಯಾಲೆ ಪ್ರತಿ ವರ್ಷದಂಗ ಸತ್ಯವೇದದ ವಚನದ ಚೀಟಿ. ನೀವೇ ಬರದ ಚೀಟಿಗಳು, ನೀವೇ ಬುಟ್ಟಿ ಹಿಡಕೊಂಡು ನಿಂತಿದ್ದಿರಿ. ಕಣ್ಣು ಮುಚ್ಚಿ ಒಂದು ತಗೋಬೇಕು, ಅದರಾಗ ಬಂದ ವಚನ ಆ ವರ್ಷಕ್ಕ ನಮಗ ದೇವರು ಆಡಿದ ಮಾತು. ಸಣ್ಣಾಕಿ ಇದ್ದಾಗಿಂದ ನೀವೇ ಹಂಗ ಹೇಳಿಕೊಟ್ಟಿದ್ದು. ನನ್ನ ಚೀಟಿಯೊಳಗ ಏನಿತ್ತು? 'ಕಿವುಡರ ಕಿವಿ ತೆರೆಯುವುದು.'

ಸಭಾ ಮಂದಿಯೆಲ್ಲ ಅತ್ತಿದ್ದರು. ನೀವೂ ಅತ್ತಿದ್ದಿರಿ.

ಆ ಮಾತು ಹಿಡಕೊಂಡು ಕೂತೀನಿ. ಈ ವರ್ಷ ಚೀಟಿ ತಗೊಳ್ಳಲಿಕ್ಕೆ ಬರಲೂ ಇಲ್ಲ, ಹಳೇದು ಇನ್ನೂ ತೀರಿಲ್ಲ ಅಂತ. ಇವರ ಜೋಡಿ ಎಷ್ಟು ಸಲ ಜಗಳಾಗೇದ. ಮಗ್ಗಲ ಮನಿ ಬಸವಣ್ಣೆವ್ವ ಹಿಟ್ಟಿನ ಗಿರಣಿಯೊಳಗ ಮಂದಿ ಮುಂದ ಕೇಳಿದಳು, "ಯಾಕ ಇಂದೂಬಾಯಿ, ನಿಮ್ಮ ದೇವರದೂ ಸರಕಾರಿ ಆಫೀಸ್ ಇದ್ದಂಗ ಅದನೇನು? ಅರ್ಜಿ ಕೊಟ್ಟು ವರ್ಷಾತಲ್ಲ." ನಾ ಅಂದೆ, "ಸಹಿ ಆಗಿ ಕೈಗೆ ಬಂದದವಾ, ಸಾಮಾನು ಬರೂದಷ್ಟೇ ಬಾಕಿ." ಆಕಿ ಬಾಯಿ ಮುಚ್ಚಿತು.

ಈಗ ನಾ ಆ ಅರ್ಜಿಗೆ ಸಹಿ ಮಾಡಿದರ ದೇವರ ಸಹಿ ಸುಳ್ಳು ಅಂದಂಗ ಆಗೂದಿಲ್ಲೇನ್ರಿ?

ಶಿಕ್ಷಕಿ ಹೇಳಿದ್ದು ಖರೇ ಅದ. 'ಹಕ್ಕಿ' ಅನ್ನೂದು ಹೋತು. 'ಚಪ್ಪಲಿ' ಹೋತು. ನೀರಿಗೆ 'ನೀ' ಅಂತಾನ, 'ರು' ಉದುರೇದ. 'ಅವ್ವಾ' ಇನ್ನೂ ಅದ. ಅದು ಹೋಗೂ ಮೊದಲು ದೇವರು ಮಾಡತಾನ.

ನಿಮ್ಮ
ಇಂದೂ


ಪುಣೆ
4 ಮಾರ್ಚ್ 1998

ಮಗಳು ಇಂದೂಗೆ,

ನಿನ್ನ ಪತ್ರ ಓದಿದೆ. ಓದಿ ಅತ್ತಿಯ ಕೈಗೆ ಕೊಟ್ಟೆ. ಅವಳೂ ಓದಿ ಮಾತಾಡದೆ ಒಳಗೆ ಹೋದಳು. ನಮ್ಮ ಮನೆಯಲ್ಲಿ ಅವಳು ಮಾತಾಡದೆ ಒಳಗೆ ಹೋಗುವುದು ವರ್ಷಕ್ಕೊಮ್ಮೆ.

ನಿನಗೆ ಒಂದು ಮಾತು ಹೇಳಬೇಕು. ನಾನು ಬೋರ್ಡು ಬರೆಯುವವ. ಬೆಟಗೇರಿಯಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯಿತು, ಉಳಿದ ಅಕ್ಷರ ಗೋಡೆ ನೋಡಿ ಕಲಿತದ್ದು. ಈ ಕೆಲಸದಲ್ಲಿ ಗಿರಾಕಿ ನಾಲ್ಕು ಫೂಟಿನ ತಗಡು ತಂದು ಎಂಟು ಫೂಟಿನ ಹೆಸರು ಹೇಳುತ್ತಾನೆ. ಆಗ ಕೂತು ಕತ್ತರಿಸಬೇಕು. 'ಶ್ರೀ' ತೆಗೆ. 'ಮತ್ತು ಮಕ್ಕಳು' ತೆಗೆ, ಮಕ್ಕಳು ಹೇಗೂ ಅಂಗಡಿಯಲ್ಲಿ ಕೂಡುವುದಿಲ್ಲ. ಜಾಗಕ್ಕೆ ತಕ್ಕಂತೆ ಮಾತು. ನಲವತ್ತು ವರ್ಷ ಅದೇ ಮಾಡಿದೆ, ಕೈಗೆ ಅದೇ ರೂಢಿ.

ವಚನದ ಚೀಟಿ ಎರಡು ಬೆರಳಿನಷ್ಟು ಅಗಲ. ನಿನಗೆ ಬಂದ ವಚನದ ತಲೆಗೆ ಒಂದು 'ಆಗ' ಇದೆ ಇಂದೂ. ಸತ್ಯವೇದ ತೆಗೆದು ನೋಡು. ಕಿವುಡರ ಕಿವಿ ತೆರೆಯುವುದು ಯಾವಾಗ? 'ಆಗ'. ದೇವರು ಎಲ್ಲವನ್ನೂ ಹೊಸದು ಮಾಡಲು ಬರುವ ದಿನ. ಯಾವ ವರ್ಷ, ಯಾವ ಊರು, ಯಾರ ಮಗ ಎಂದು ಅಲ್ಲಿ ಬರೆದಿಲ್ಲ. ಎರಡೇ ಅಕ್ಷರ. ಸಾಲು ನಡುವೆ ಕೂಡಲಿಲ್ಲ, ನೋಡಲು ಚಂದ ಕಾಣಲಿಲ್ಲ ಎಂದು ಬಿಟ್ಟೆ. ಬೋರ್ಡಿನಲ್ಲಿ 'ಶ್ರೀ' ಬಿಟ್ಟ ಹಾಗೆ ಬಿಟ್ಟೆ.

ಆದ್ದರಿಂದ ಅದನ್ನು ಈ ವರ್ಷದ ಕರಾರು ಎಂದು ಹಿಡಿಯಬೇಡ. 'ಆಗ' ಬರುವ ತನಕ ಹುಡುಗ 'ಈಗ' ಬದುಕಬೇಕಲ್ಲ. ಅವನಿಗೆ ಮಾತು ಬೇಕಲ್ಲ.

ತಪ್ಪು ನನ್ನದು. ಅರ್ಜಿ ತುಂಬು.

ಮಾಮಾ


ದೌಂಡ
17 ಮಾರ್ಚ್ 1998

ಮಾಮಾ ಅವರಿಗೆ,

ಸತ್ಯವೇದ ತೆಗೆದು ನೋಡಿದೆ. 'ಆಗ' ಅದ. ಒಪ್ಪಿದೆ.

ಆದರ ನನ್ನ ಬುದ್ಧಿಗೆ ತಿಳಿದಷ್ಟು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಬುಟ್ಟಿಯೊಳಗ ಎಪ್ಪತ್ತು ಚೀಟಿ ಇದ್ದವು, ಲೆಕ್ಕ ನೀವೇ ಹೇಳಿದ್ದಿರಿ. ಎಲ್ಲಾರೂ ತಮ್ಮ ತಮ್ಮದು ಓದಿ ಹೇಳಿದರಲ್ಲ, ಕಿವಿ ಅನ್ನೂ ಮಾತು ಇದ್ದದ್ದು ಒಂದರಾಗ. ಆ ಒಂದು, ಅಮೇಯನ್ನ ಬಗಲಾಗ ಇಟಗೊಂಡು ನಿಂತ ನನ್ನ ಕೈಗೇ ಬಂತು. ಮುಂದಿನಾಕಿಗೆ ಬರಲಿಲ್ಲ, ಹಿಂದಿನಾಕಿಗೆ ಬರಲಿಲ್ಲ. ಬರದಾವರು ನೀವು, ಬಿಟ್ಟಾವರು ನೀವು. ಕೊಟ್ಟಾವರು ಯಾರು?

ಅದೊಂದು ಹೇಳ್ರಿ. ಅದು ಬರೇ ಹಂಗ ಬಂತು ಅಂತ ನೀವು ಹೇಳಿದರ ನಾ ನಂಬೂದಿಲ್ಲ. ನೀವೂ ನಂಬೂದಿಲ್ಲ.

ನಿನ್ನೆ ಅವನ ಬೆನ್ನ ಹಿಂದ ಸ್ಟೀಲ್ ಬುಟ್ಟಿ ಕೈಜಾರಿ ಬಿತ್ತು. ಅವ ಸ್ವಲ್ಪ ತಿರುಗಿದಂಗ ಮಾಡಿದ. ಇವರು ಅಂತಾರ, ನೆಲಾ ನಡುಗಿದ್ದಕ್ಕ ಅಂತ.

ಇಂದೂ


ಪುಣೆ
11 ಏಪ್ರಿಲ್ 1998

ಇಂದೂ,

ಕೊಟ್ಟವನು ನಾನು.

ಇಷ್ಟು ಬರೆಯಲು ಇಪ್ಪತ್ತೈದು ದಿನ ಹಿಡಿಯಿತು. ನಾಲ್ಕು ಇನ್‌ಲ್ಯಾಂಡ್ ಕೆಡಿಸಿದೆ. ಈಗ ಬರೆಯುವುದನ್ನು ಪೂರ್ತಿ ಓದು, ನಡುವೆ ಹರಿಯಬೇಡ. ಹರಿಯುವುದಾದರೆ ಓದಿದ ಮೇಲೆ ಹರಿ.

ಆ ದಿನ ಬುಟ್ಟಿಯಲ್ಲಿ ಎಪ್ಪತ್ತು ಚೀಟಿ ಇದ್ದದ್ದು ನಿಜ. ನಿನ್ನದು ಅವುಗಳೊಳಗಿನದಲ್ಲ. ಅದು ಎಪ್ಪತ್ತೊಂದನೆಯದು. ಹಿಂದಿನ ದಿನವೇ ಬೇರೆ ಬರೆದು, ಮಡಿಚಿ, ಅಂಗಿಯ ಕಿಸೆಯಲ್ಲಿ ಇಟ್ಟಿದ್ದೆ. ಕೊಡಲೋ ಬೇಡವೋ ಎಂಬ ಮನಸ್ಸಿತ್ತು. ನೀನು ಸಾಲಿನಲ್ಲಿ ನಿಂತೆ. ಎಲ್ಲರೂ ಹಾಡುತ್ತಿದ್ದರು, ನೀನೂ ಹಾಡುತ್ತಿದ್ದೆ. ಅಮೇಯ ನಿನ್ನ ಬಗಲಲ್ಲಿ ಕೂತು ನಿನ್ನ ಗಂಟಲಿನ ಮೇಲೆ ಅಂಗೈ ಇಟ್ಟಿದ್ದ. ಹಾಡು ಅಲ್ಲಿ ಸಿಗುತ್ತದೋ ಎಂದು ಹುಡುಕುವವನ ಹಾಗೆ. ಅದನ್ನು ನೋಡಿ ನನ್ನ ಕೈ ಕಿಸೆಗೆ ಹೋಯಿತು. ಚೀಟಿಯನ್ನು ಹೆಬ್ಬೆರಳ ಕೆಳಗೆ ಹಿಡಿದೆ. ನೀನು ಕಣ್ಣು ಮುಚ್ಚಿ ಕೈ ಹಾಕಿದಾಗ ಬುಟ್ಟಿಯನ್ನು ಓರೆ ಮಾಡಿ ನಿನ್ನ ಬೆರಳ ಸಂದಿಗೆ ಜಾರಿಸಿದೆ. "ತಗೋ ಮಗಳ" ಎಂದೆ. ನೆನಪಿರಬೇಕು ನಿನಗೆ. ಬೇರೆ ಯಾರಿಗೂ ನಾನು ಹಾಗೆ ಅನ್ನಲಿಲ್ಲ.

'ಆಗ' ಬಿಟ್ಟದ್ದೂ ಜಾಗ ಸಾಲದೆ ಅಲ್ಲ. ಹೋದ ಪತ್ರದಲ್ಲಿ ಸುಳ್ಳು ಬರೆದೆ. ನಾನು ಸಾಸಿವೆಯ ಮೇಲೆ ಹೆಸರು ಬರೆಯಬಲ್ಲವ, ಎರಡು ಅಕ್ಷರಕ್ಕೆ ಜಾಗ ಸಾಲದೇ? 'ಆಗ' ಎಂದು ಬರೆದರೆ ನಿನ್ನ ಮುಖ ಅರಳಲಿಕ್ಕಿಲ್ಲ ಎಂದು ಬಿಟ್ಟೆ.

ಯಾಕೆ ಮಾಡಿದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿನ್ನ ಮೇಲಿನ ಮಮತೆ ಎಂದು ಹೇಳಿಕೊಳ್ಳಬಹುದು. ಅಷ್ಟೇ ಅಲ್ಲ. ಬುಟ್ಟಿಯಲ್ಲಿ ಕೈ ಹಾಕಿದರೆ ನಿನಗೆ ಬೇರೆ ಏನೋ, ಸಂಬಂಧವಿಲ್ಲದ ಮಾತು ಬಂದೀತು, ದೇವರು ನಿನಗೆ ಏನೂ ಹೇಳದೆ ಕಳಿಸಿಯಾನು ಎಂಬ ಭಯ. ಅವನು ಮಾತಾಡದೆ ಹೋದರೆ ಎಂದು ಹೆದರಿ ನಾನೇ ಅವನ ಬಾಯಿಯಾದೆ. ಇಷ್ಟು ವರ್ಷ ಸಭೆಯ ಮುಂದೆ ನಿಂತವನಿಗೆ ಅವನ ಮೇಲೆ ಇದ್ದ ನಂಬಿಕೆ ಇಷ್ಟೇ ನೋಡು.

ನಿನ್ನೆ ಶುಭ ಶುಕ್ರವಾರ. ಆರಾಧನೆ ಮುಗಿದ ಮೇಲೆ ಸಭಾಪಾಲಕರನ್ನು ಕೇಳಿ, ಎಲ್ಲರ ಮುಂದೆ ಇದನ್ನು ಹೇಳಿದೆ. ಆಮೇಲೆ ನಮ್ಮ ಹಾರ್ಮೋನಿಯಂ ನುಡಿಸುವ ಹಿರಿಯರು, "ಹಂಗಾರ ತೊಂಬತ್ತೊಂದರಾಗ ನನಗ 'ತಾಳಿಕೊ' ಅಂತ ಬಂದಿದ್ದು ದೇವರ ಕಡೆಯಿಂದೋ, ನಿನ್ನ ಕಡೆಯಿಂದೋ?" ಎಂದರು. "ನಿಮ್ಮ ಹೆಂಡ್ತಿ ಕಡೆಯಿಂದ" ಎಂದರು ಯಾರೋ ಹಿಂದಿನಿಂದ. ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರೇ ನನ್ನ ಮುಖ ನೋಡದೆ ಚಪ್ಪಲಿ ಹಾಕಿಕೊಂಡು ಹೋದರು. ಬುಟ್ಟಿಯನ್ನು ಸಭಾಪಾಲಕರಿಗೆ ಒಪ್ಪಿಸಿದ್ದೇನೆ. ಇನ್ನು ನಾನು ಚೀಟಿ ಬರೆಯುವುದಿಲ್ಲ.

ನಿನ್ನೆಯ ಪಾಠದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಶಿಲುಬೆಯ ಮೇಲೆ ಕರ್ತನು 'ದೇವರೇ, ಯಾಕೆ ನನ್ನ ಕೈಬಿಟ್ಟೆ' ಎಂದು ಕೂಗಿದ. ಮೇಲಿನಿಂದ ಉತ್ತರ ಬಂದದ್ದು ಎಲ್ಲೂ ಬರೆದಿಲ್ಲ. ಇಷ್ಟು ವರ್ಷ ಆ ಸಾಲನ್ನು ಓದಿದ್ದೇನೆ, ಕೇಳಿದ ನೋವಷ್ಟೇ ಕಾಣುತ್ತಿತ್ತು. ಉತ್ತರ ಬರಲಿಲ್ಲ ಎಂಬುದು ನಿನ್ನೆ ಕಂಡಿತು. ಬರೆದವರು ತಮ್ಮ ಕಡೆಯಿಂದ ಒಂದು ಉತ್ತರ ಸೇರಿಸಬಹುದಿತ್ತು. ಸೇರಿಸಲಿಲ್ಲ. ನಾನಾಗಿದ್ದರೆ ಸೇರಿಸುತ್ತಿದ್ದೆ.

ಹುಡುಗನನ್ನು ಶಾಲೆಗೆ ಹಾಕು. ನನ್ನ ಮೇಲಿನ ಸಿಟ್ಟಿಗೆ ಅವನ ಮಾತು ಹೋಗಬಾರದು.

ಸದಾನಂದ


ಪುಣೆ
6 ಮೇ 1998

ಮಗಳು ಇಂದೂಗೆ,

ನಿನ್ನಿಂದ ಪತ್ರ ಇಲ್ಲ. ಬರಲಿ ಎಂದು ಕೇಳುತ್ತಿಲ್ಲ.

ಬಿಸಿಲು ಭಾಳ. ಅತ್ತಿ ಅಂಗಳದಲ್ಲಿ ಶಂಡಿಗೆ ಹಾಕಿದ್ದಾಳೆ, ನನ್ನನ್ನು ಕಾಗೆ ಕಾಯಲು ಕೂಡಿಸಿದ್ದಾಳೆ. ಸಭೆಯಿಂದ ಮೂರು ಆದಿತ್ಯವಾರ ದೂರ ಉಳಿದೆ. ನಾಲ್ಕನೆಯ ವಾರ ಅವಳೇ ಅಂಗಿ ಇಸ್ತ್ರಿ ಮಾಡಿ ಇಟ್ಟಳು. "ಕಳ್ಳ ಸಿಕ್ಕಮ್ಯಾಲೆ ಪೊಲೀಸ್ ಚೌಕಿಗೆ ಹೋಗಲಿಕ್ಕೆ ಏನು ನಾಚಿಕಿ, ನಡೀರಿ" ಎಂದಳು. ಹೋಗಿ ಹಿಂದೆ ಕೂತೆ.

ಅಲ್ಲಿ ನಿನ್ನ ಅವ್ವನ ನೆನಪಾಯಿತು. ಬೆಟಗೇರಿಯಲ್ಲಿ ಅವಳ ಕಡೆಯ ವಾರ ನಾನು ಹಾಸಿಗೆಯ ಮಗ್ಗುಲಲ್ಲಿ ಇದ್ದೆ. ನೀನಾಗ ಬಾಣಂತಿ, ಬರಲು ಆಗಲಿಲ್ಲ. ನೋವು ತಡೆಯದೆ ಒಂದು ಮಧ್ಯಾಹ್ನ ಕೇಳಿದಳು: "ಸದಾ, ನಾ ಯಾರಿಗೆ ಏನ್ ಮಾಡೀನೋ?" ನಾನು ಕೂಡಲೇ ಹೇಳಿದೆ, ದೇವರು ಚಿನ್ನವನ್ನು ಬೆಂಕಿಯಲ್ಲಿ ಶೋಧಿಸುತ್ತಾನೆ ಅಕ್ಕಾ, ಎಂದು. ಅವಳು ನನ್ನ ಕಡೆ ಒಂದು ಕ್ಷಣ ನೋಡಿ ಗೋಡೆಯ ಕಡೆ ಹೊರಳಿ ಮಲಗಿದಳು. ಮುಂದೆ ಮೂರು ದಿನ ಇದ್ದಳು. ನೀರು ಕೇಳಿದಳು, ದಿಂಬು ಸರಿಮಾಡು ಎಂದಳು, ಆ ಮಾತನ್ನು ಮಾತ್ರ ನನ್ನ ಹತ್ತಿರ ಮತ್ತೆ ತೆಗೆಯಲಿಲ್ಲ. ಚಲೋ ಮಾತು ಹೇಳಿದೆ ಎಂದು ನಾನು ಇಷ್ಟು ವರ್ಷ ಸಮಾಧಾನದಿಂದ ಇದ್ದೆ. ಅವಳು ಯಾಕೆ ಹೊರಳಿದಳು ಎಂಬುದು ಈಗ ತಿಳಿಯುತ್ತಿದೆ.

ನಿನಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಸಾಯುವಾಗ ಶಾಂತವಾಗಿದ್ದಳು ಎಂದಷ್ಟೇ ಬರೆದಿದ್ದೆ.

ಐದು ಸೀಟು ತುಂಬಿವೆ. ಆರನೆಯದನ್ನು ಅನುಜಾ ಬಾಯಿ ಮೂವತ್ತರ ತನಕ ಹಿಡಿದಿದ್ದಾರೆ. ಇನ್ನು ನಾನು ಬರೆಯುವುದಿಲ್ಲ, ನೀನು ಬರೆಯುವ ತನಕ.

ಮಾಮಾ


ದೌಂಡ
20 ಮೇ 1998

ಮಾಮಾ ಅವರಿಗೆ ಕರುಣಾಕರನ ವಂದನೆಗಳು.

ಕಾರ್ಡಿನಲ್ಲಿ ಹೆಚ್ಚು ಬರೆಯಲು ಆಗುವುದಿಲ್ಲ. ಏಪ್ರಿಲಿನ ನಿಮ್ಮ ಪತ್ರ ಓದಿ ಇಂದೂ ಎರಡು ದಿನ ಒಲೆ ಹಚ್ಚಲಿಲ್ಲ. ಬಸವಣ್ಣೆವ್ವನೇ ರೊಟ್ಟಿ ತಂದುಕೊಟ್ಟು, ಏನೂ ಕೇಳದೆ ಹೋದಳು. ಪ್ರಾರ್ಥನೆ ಬಿಟ್ಟಿದ್ದಾಳೆ. ನಾನು ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ ಎದ್ದು ಒಳಗೆ ಹೋಗುತ್ತಾಳೆ.

ನಿನ್ನೆ ಅರ್ಜಿಗೆ ತಾನೇ ಸಹಿ ಮಾಡಿ ನನ್ನ ಮುಂದೆ ಇಟ್ಟಳು. ಸೋಮವಾರದ ಗಾಡಿಗೆ ಮೂವರೂ ಬರುತ್ತೇವೆ. ನಿಮ್ಮ ಮನೆಗೆ ಬರುವುದಿಲ್ಲ ಅಂದಿದ್ದಾಳೆ. ಸ್ಟೇಶನ್ನಿನಿಂದ ಸೀದಾ ಶಾಲೆಗೆ. ನೀವೂ ಅಲ್ಲಿಗೆ ಬರಬೇಡಿರಿ ಎಂದು ಹೇಳಲು ಹೇಳಿದ್ದಾಳೆ. ಬೇಜಾರ ಮಾಡಿಕೊಳ್ಳಬೇಡಿರಿ.

ತಮ್ಮ
ಕರುಣಾಕರ


ಪುಣೆ
16 ಆಗಸ್ಟ್ 1998

ಇಂದೂ,

ಬರೆಯುವುದಿಲ್ಲ ಎಂದಿದ್ದೆ. ಆದರೆ ಹುಡುಗನ ಸುದ್ದಿ ನಿನಗೆ ಮುಟ್ಟಿಸದೆ ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಆದಿತ್ಯವಾರ ಅವನನ್ನು ನಾನು ನೋಡಬಹುದು ಎಂದು ನೀನು ಶಾಲೆಯ ಪುಸ್ತಕದಲ್ಲಿ ಬರೆಸಿದ್ದನ್ನು ಅನುಜಾ ಬಾಯಿ ತೋರಿಸಿದರು. ಅದನ್ನು ನೋಡಿ ಶಾಲೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ಮೊದಲ ತಿಂಗಳು ಅಳುತ್ತಿದ್ದ, ಈಗ ಇಲ್ಲ. ಅವನ ಮಂಚದ ಪಕ್ಕದವನು ಭೋರ್ ಕಡೆಯ ಹುಡುಗ, ಇಬ್ಬರೂ ಕೂಡಿ ಅಡುಗೆಯವಳ ಬೆಲ್ಲ-ಶೇಂಗಾದ ಗುಡದಾಣಿಯ ಡಬ್ಬಿ ಎಲ್ಲಿದೆ ಎಂದು ಕಂಡುಹಿಡಿದಿದ್ದಾರೆ. ಕನ್ನಡಿಯ ಮುಂದೆ ಕೂಡಿಸಿ ತುಟಿ ನೋಡಲು ಕಲಿಸುತ್ತಾರೆ. ಊದಿದರೆ ಕಾಗದ ಅಲುಗುವುದು 'ಪ', ಅಲುಗದೆ ತುಟಿ ಕೂಡುವುದು 'ಮ'. ಇಷ್ಟು ವರ್ಷ ಅಕ್ಷರ ಬರೆದೆ, ಅಕ್ಷರದ ಮುಖ ಹೀಗಿರುತ್ತದೆ ಎಂದು ನೋಡಿದ್ದು ಈಗ.

ಒಂದು ಕಠಿಣ ಮಾತು. ಅನುಜಾ ಬಾಯಿ ನಿನಗೂ ಹೇಳಿರಬೇಕು. ಇವನಿಗೆ ಒಂದೇ ಭಾಷೆ ಇರಬೇಕಂತೆ, ಶಾಲೆಯಲ್ಲಿ, ಮನೆಯಲ್ಲಿ, ಎಲ್ಲೆಡೆ ಮರಾಠಿ. ಎರಡು ಭಾಷೆಯ ತುಟಿ ಕಲೆತರೆ ಎರಡೂ ಕೈಗೆ ಹತ್ತುವುದಿಲ್ಲವಂತೆ. ನನಗೆ ತಡೆಯಲಿಲ್ಲ. ನಾವು ಮನೆಯೊಳಗೆ ಕನ್ನಡದವರು ಬಾಯಿ ಎಂದೆ. "ಆಜೋಬಾ, ಅವನು ಎಲ್ಲಿಯವನು ಅನ್ನುವುದು ಆಮೇಲೆ. ಮೊದಲು ಅವನಿಗೆ ನೀರು ಕೇಳಲು ಬರಲಿ" ಎಂದರು. ಆದಿತ್ಯವಾರ ಈಗ ನಾನು ಅವನ ಎದುರು ಕೂತು ನನ್ನ ಮುರುಕು ಮರಾಠಿಯಲ್ಲಿ ಮಾತಾಡುತ್ತೇನೆ. ನನ್ನ ವ್ಯಾಕರಣದ ತಪ್ಪು ಅವನಿಗೆ ಕೇಳದು, ಅದೊಂದು ಅನುಕೂಲ.

ಅವನು ಕ್ಷೇಮ. ಇಷ್ಟು ತಿಳಿಸಲು ಬರೆದದ್ದು.

ಸದಾನಂದ


ದೌಂಡ
2 ಡಿಸೆಂಬರ್ 1998

ಮಾಮಾ,

ದೀಪಾವಳಿ ರಜಾದಾಗ ಅಮೇಯ ಬಂದು ಹೋದ. ಬಾಗಿಲಾಗ ನಿಂತು, ನನ್ನ ಮುಖಾ ನೋಡಿ, 'ಪಾಣೀ' ಅಂದ. ಪೂರಾ ಅಂದ, ಒಂದಕ್ಷರ ಉದುರಲಿಲ್ಲ. ಕೊಟ್ಟೆ. ಒಳಗ ಹೋಗಿ ಅತ್ತೆ. 'ನೀರು' ಹೋಗಿ 'ಪಾಣೀ' ಬಂತು. ಸಂತೋಷ ಆಗಬೇಕು, ಆಗೇದ. ಆದರ ನನ್ನ ಮಗನಿಗೆ ನಾ ಪರಭಾಷೆದಾಕಿ ಆದೆ. ಅವ ಮಲಗಿದ ಮ್ಯಾಲೆ ದೀಪ ಆರಿಸಿ ಅವನ ಕಿವಿಯಾಗ ಕನ್ನಡದಾಗ ಮಾತಾಡತೀನಿ. ಅವನ ಮರಾಠಿ ಕೆಡಸೂದಿಲ್ಲಲ್ಲ, ಕೇಳೂದಿಲ್ಲಲ್ಲ.

ನಿಮಗ ಕ್ಷಮಾ ಮಾಡೀನಿ ಅಂತ ಬರೀಲಿಕ್ಕೆ ಕೂತಿದ್ದೆ. ಇನ್ನೂ ಆಗಿಲ್ಲ. ಒಂದೂ ಕಾಲು ವರ್ಷ ಮಗನ ಮಾತು ನನ್ನ ಕೈಯಾರೆ ಉದುರಿಸಿದೆ, ನಿಮ್ಮ ಚೀಟಿ ಹಿಡಕೊಂಡು.

ಸಭೆಗೆ ಮತ್ತ ಹೋಗತೀನಿ, ಇಲ್ಲೇ ದೌಂಡದ ಮರಾಠಿ ಸಭೆಗೆ. ಹಿಂದ ಕೂಡತೀನಿ, ಹಾಡೂದಿಲ್ಲ. ಇವರು ಕೇಳಿದರು, "ಹಾಡೂದಿಲ್ಲ, ಕಣ್ಣು ಮುಚ್ಚೂದಿಲ್ಲ, ಮತ್ತ ಯಾಕ ಬರತೀ?" ಅಂತ. ನಾ ಅಂದೆ, ಇಲ್ಲಿ ಬರದಿದ್ದರ ಜಗಳಾ ಯಾರ ಜೋಡಿ ಮಾಡ್ಲಿ? ಬಸವಣ್ಣೆವ್ವನ ಜೋಡಿ ಮಾಡಿದರ ಆಕಿ ತಿರುಗಿ ಅಂತಾಳ. ದೇವರು ತಿರುಗಿ ಅನ್ನೂದಿಲ್ಲ. ಕೇಳಿಸಿಕೊಳ್ಳತಾನೋ ಇಲ್ಲೋ ಅದೂ ತಿಳಿಯೂದಿಲ್ಲ. ಆದರೂ ಎದ್ದು ಹೋಗಲಿಕ್ಕೆ ಕಾಲು ಬರೂದಿಲ್ಲ.

ಅವ್ವ ಗೋಡೆ ಕಡೆ ಹೊರಳಿದ್ದು ಹೇಳಿದ್ದಿರಲ್ಲ, ಅದನ್ನ ಬರದದ್ದು ಚಲೋ ಆತು. ಆಕಿ ಶಾಂತ ಇದ್ದಳು ಅಂತ ಕೇಳಿ ನನಗ ನಾನು ಪಾಪಿ ಅನಸತಿತ್ತು, ಇಷ್ಟು ಸಿಟ್ಟು ನನಗೊಬ್ಬಾಕಿಗೇ ಯಾಕ ಅಂತ.

ಆದಿತ್ಯವಾರ ಹೋಗೂದು ಬಿಡಬ್ಯಾಡ್ರಿ.

ಇಂದೂ


ದೌಂಡ
6 ಮೇ 2000

ಮಾಮಾ ಅವರಿಗೆ ವಂದನೆಗಳು. ಅತ್ತಿಯ ಮೊಣಕಾಲಿನ ಆಪರೇಶನ್ ಸುದ್ದಿ ಇವರ ಕಡೆಯಿಂದ ತಿಳೀತು. ನಾ ಬಂದು ನೋಡಲಿಲ್ಲ. ಎರಡು ವರ್ಷಾತು ನಿಮ್ಮ ಹೊಸ್ತಿಲಾ ತುಳಿದಿಲ್ಲ ಅನ್ನೂದು ಗೊತ್ತದ ನನಗ.

ಈಗ ನಿಮ್ಮನ್ನ ಒಂದು ಮಾತು ಕೇಳಬೇಕು, ಬ್ಯಾರೆ ಯಾರನ್ನ ಕೇಳಬೇಕೋ ತಿಳೀವಲ್ದು.

ಅಮೇಯನಿಗೆ ಏಳೂಮುಕ್ಕಾಲು. ರಜಾಕ್ಕ ಬಂದಾನ. ನಿನ್ನೆ ಓಣಿಯೊಳಗ ಹುಡುಗರು ಕ್ರಿಕೆಟ್ ಆಡತಿದ್ದರು, ಇವನ್ನ ಕರೀಲಿಲ್ಲ, ಕರದರೂ ಕೇಳೂದಿಲ್ಲಲ್ಲ ಅಂತ ಬಿಟ್ಟರು. ಇವ ಕಟ್ಟಿ ಮ್ಯಾಲೆ ಕೂತು ನೋಡಿದ. ಒಳಗ ಬಂದ, ಪಾಟಿ ತಗೊಂಡ, ಬರದ. ಯಾರೂ ಹೇಳಿಕೊಟ್ಟಿಲ್ಲ, ತಾನೇ ಬರದ. ಬರದು ನನ್ನ ಮುಂದ ಹಿಡದ.

'ಮಲಾ ಐಕೂ ಕಾ ಯೇತ ನಾಹೀ?' ನನಗ ಯಾಕ ಕೇಳಸೂದಿಲ್ಲ?

ಅವನ ಮೊದಲನೇ ಪೂರಾ ವಾಕ್ಯ ಮಾಮಾ. ಅನುಜಾ ಬಾಯಿ ನೋಡಿದ್ದರ ಕುಣೀತಿದ್ದರು. ನಾ ಪಾಟಿ ತಗೊಂಡು ಒಳಗ ಇಟ್ಟೆ, ಅವನಿಗೆ ಜಿಲೇಬಿ ಕೊಟ್ಟೆ. ತಿಂದ. ತಿಂದು ಮತ್ತ ಪಾಟಿ ತಂದು ಹಿಡದ.

ಜ್ವರದ ಕಥಿ ಹೇಳಿದೆ, ಕೈಲೆ ಬಾಯಿಲೆ. ಅದು ಅವನಿಗೆ ಗೊತ್ತದ. 'ಕಾ' ಅನ್ನೂದರ ಕೆಳಗ ಬೆರಳು ಇಟ್ಟ. ಯಾಕ.

ನೀವು ಇನ್ನೂ ದೇವರನ್ನ ನಂಬತೀರೇನು? ನಂಬೂದಾದರ, ಏನಂತ ಹೇಳಲಿ ಇವನಿಗೆ? ಚಂದ ಮಾಡಿ ಬರೀಬ್ಯಾಡ್ರಿ.

ನಿಮ್ಮ
ಇಂದೂ


ಪುಣೆ
11 ಮೇ 2000

ಮಗಳು ಇಂದೂಗೆ,

ಮೊದಲನೆಯ ಇನ್‌ಲ್ಯಾಂಡಿನಲ್ಲಿ ಒಂದು ಉತ್ತರ ಬರೆದಿದ್ದೆ. ಅತ್ತಿ ಓದಿ, "ಬೋರ್ಡು ಭಾಳ ಚಂದ ಆಗೇದ" ಎಂದಳು. ಹರಿದು ಹಾಕಿದೆ. ಇದು ಎರಡನೆಯದು.

ನಂಬುತ್ತೇನೆ. ಮೊದಲಿನ ಹಾಗೆ ಅಲ್ಲ. ಮೊದಲು ಅವನ ವಕೀಲನ ಹಾಗೆ ಇದ್ದೆ, ಯಾರು ಏನು ಕೇಳಿದರೂ ಅವನ ಪರವಾಗಿ ಎದ್ದು ನಿಲ್ಲುತ್ತಿದ್ದೆ. ಅವನಿಗೆ ವಕೀಲ ಬೇಕಿರಲಿಲ್ಲ. ಈಗ ಬೆಳಿಗ್ಗೆ ಎದ್ದು ಕುರ್ಚಿಯಲ್ಲಿ ಕೂಡುತ್ತೇನೆ. ಅಮೇಯನ ಹೆಸರು ಹೇಳುತ್ತೇನೆ, ನಿನ್ನದು ಹೇಳುತ್ತೇನೆ, ಯಾಕೆ ಎಂದು ಕೇಳುತ್ತೇನೆ. ಉತ್ತರ ಬಂದಿಲ್ಲ. ಎದ್ದು ಹೋಗೋಣ ಎಂದು ಕೆಲವು ದಿನ ಅನ್ನಿಸಿದೆ, ಹೋಗಿಲ್ಲ. ನಾನು ಒಬ್ಬನೇ ಕೂತಿದ್ದೇನೆ ಎಂದು ಅಲ್ಲಿ ಅನ್ನಿಸುವುದಿಲ್ಲ. ಇದಕ್ಕಿಂತ ಹೆಚ್ಚಿಗೆ ಹೇಳಿದರೆ ಮತ್ತೆ ಸುಳ್ಳಾಗುತ್ತದೆ.

ಹುಡುಗ ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ.

ಅವನಿಗೂ ಹಾಗೆಯೇ ಹೇಳು. ಗೊತ್ತಿಲ್ಲ, 'ಮಾಹೀತ ನಾಹೀ' ಎಂದು ಹೇಳು. 'ಮ'ಕ್ಕೆ ತುಟಿ ಕೂಡುತ್ತದೆ, ಅವನು ಓದಿಕೊಳ್ಳುತ್ತಾನೆ. ಬೆಳಕಿಗೆ ಮುಖ ಮಾಡಿ, ಅವನ ಎತ್ತರಕ್ಕೆ ಕೂತು ಹೇಳು. ಅಳು ಬಂದರೆ ಬರಲಿ. ಸೆರಗನ್ನು ಮಾತ್ರ ಬಾಯಿಗೆ ಒತ್ತಿಕೊಳ್ಳಬೇಡ, ನಿನ್ನ ತುಟಿ ಅವನಿಗೆ ಕಾಣದು. ಒಳಗೆ ಎದ್ದು ಹೋಗಬೇಡ. ಅವನು ಪಾಟಿ ಕೆಳಗಿಡುವ ತನಕ ಅಲ್ಲೇ ಕೂತಿರು.

ಮತ್ತೆ ಕೇಳಿಯಾನು. ಹತ್ತು ವರ್ಷದವನಾದಾಗ ಕೇಳಿಯಾನು, ಹದಿನೆಂಟಕ್ಕೆ ಇನ್ನೂ ಸಿಟ್ಟಿನಿಂದ ಕೇಳಿಯಾನು. ಕೇಳಲಿ.

ಜೂನಿನಲ್ಲಿ ಹಾಸ್ಟೆಲಿಗೆ ಬಿಡಲು ಬರುವಾಗ ಮೊದಲು ಇಲ್ಲಿಗೆ ಕರಕೊಂಡು ಬಾ. ಪಾಟಿ ತರಲಿ. ನನ್ನನ್ನೂ ಕೇಳಲಿ.

ಮಾಮಾ